ಹ್ರುಬೇಶನ ಕನ್ನಡಿ

ರಾತ್ರಿ ಊಟದ ಮೇಜಿನ ಮೇಲೆ ಬ್ಲಾಝೆನಾ
ಸಾಸಿವೆ ಡಬ್ಬಿಯನ್ನು ಪ್ರೊಸೆಸರ್ ಎಂದು ಕೂರಿಸಿದಳು.
ಸುತ್ತ ನಾಲ್ಕು ಚಮಚ, ಇವು ಥ್ರೆಡ್ಡುಗಳು.
ಒಂದೇ ಮನೆ, ಒಂದೇ ಒಲೆ, ಒಂದೇ ಉಪ್ಪು,
ಆದರೂ ಒಂದೊಂದಕ್ಕೂ ಒಂದು ಸ್ವಂತ ಪೆಟ್ಟಿಗೆ.
"ನನ್ನ ಪೆಟ್ಟಿಗೆಯ ಮೂರನೇ ಅರೆ" ಎಂದು
ನಾಲ್ಕೂ ಆಡುವುದು ಒಂದೇ ಮಾತು,
ಕೈಗೆ ಸಿಗುವುದು ಬೇರೆ ಬೇರೆ.

ಅದು ಹೇಗೆ, ಎಂದೆ ಸೂಪು ಹೀರುತ್ತ.
ನಾನು ಟ್ರ್ಯಾಮ್ ಓಡಿಸುವವನು.
ಬರ್ನೋದಲ್ಲಿ ಅದಕ್ಕೆ ಶಾಲಿನಾ ಅನ್ನುತ್ತೇವೆ,
ಪ್ರಾಗಿನವರು ನಗುತ್ತಾರೆ, ನಗಲಿ.

ಒಳಗೊಂದು ಗೂಟವಿದೆ, ಎಫ್‌ಎಸ್ ಅಂತ ಹೆಸರು.
ಏನರ್ಥ ಅಂತ ಕೇಳಬೇಡ,
ಇ ಆದಮೇಲೆ ಎಫ್ ಬಂತು, ಅಷ್ಟೇ.
ಬೇರೆ ಪ್ರೊಸೆಸರಿನಲ್ಲಿ ಗೂಟವೂ ಬೇರೆ, ಕರೆಯೂ ಬೇರೆ.
ಈ ಗೂಟಕ್ಕೆ ಕಟ್ಟಿದ ಹಗ್ಗದ ತುದಿಗೆ ಪೆಟ್ಟಿಗೆ.
ಹಗ್ಗ ಕಟ್ಟಿಸಬೇಕಾದರೆ ಕರ್ನಲ್ಲಿನ ಬಾಗಿಲು ತಟ್ಟಿ
ಎರಡು ಮಾತು ಹೇಳಬೇಕು,
ಯಾವ ಗೂಟ, ಯಾವ ವಿಳಾಸ.
ಕೆಲಸವಾದರೆ ಒಳಗಿನಿಂದ ಉತ್ತರ, ಸೊನ್ನೆ.
ಅಲ್ಲಿ ಸೊನ್ನೆಯೆಂದರೆ ಕ್ಷೇಮ.
ಇಲ್ಲದ ಊರಿನ ವಿಳಾಸ ಕೊಟ್ಟೆಯೋ,
ಅಪ್ಪಣೆಯಿಲ್ಲ, ನಡಿ.

ಓ, ನಮ್ಮ ಕನ್ನಡಿ, ಎಂದೆ.
ಪಾಳಿ ಬದಲಾದಾಗ ಹ್ರುಬೇಶ್ ಇಳಿಯುತ್ತಾನೆ, ನಾನು ಹತ್ತುತ್ತೇನೆ.
ಅದೇ ಗಾಡಿ, ಅದೇ ಹಳಿ, ಅದೇ ಗಂಟೆ.
ಅವನು ಎರಡು ಮೀಟರಿಗೆ ನಾಲ್ಕು ಬೆರಳು ಕಡಿಮೆ,
ನನ್ನನ್ನು ನೀನು ನೋಡೇ ಇದ್ದೀಯ.
ಹೊರಡುವ ಮೊದಲು
ಕನ್ನಡಿಯನ್ನು ನನ್ನ ಕಣ್ಣಿಗೆ ಬಗ್ಗಿಸಬೇಕು.

ಅವಳು ಚಮಚ ಕೆಳಗಿಟ್ಟಳು.
ಮೂರು ವಾರದಿಂದ ಅವಳು ಬೆನ್ನು ಹತ್ತಿದ್ದು ಇದನ್ನೇ.
ಹತ್ತು ಲಕ್ಷಕ್ಕೊಮ್ಮೆ ಒಂದು ಥ್ರೆಡ್ಡು
ಇನ್ನೊಬ್ಬರ ಹಗ್ಗ ಹಿಡಿದು ಏಳುತ್ತದೆ.
ಬಿದ್ದು ಸತ್ತರೆ ಒಳ್ಳೆಯದಿತ್ತು,
ಸತ್ತ ಪ್ರೋಗ್ರಾಂ ಸುಳ್ಳು ಹೇಳುವುದಿಲ್ಲ.
ಇದು ಬೇರೆಯವರ ಪೆಟ್ಟಿಗೆಯಲ್ಲಿ ಕೈಯಾಡಿಸಿ
ನನ್ನದೇ ಎಂದು ಓದುತ್ತ ಹೋಗುತ್ತದೆ.
ನೀನು ಯಾರೆಂದು ಅದನ್ನೇ ಕೇಳಬಾರದೇ?
ಕೇಳಬಹುದು.
ಪೆಟ್ಟಿಗೆಯ ಮೊದಲ ಮನೆಯಲ್ಲಿ, ಸೊನ್ನೆಯ ಜಾಗದಲ್ಲಿ,
ಆ ಪೆಟ್ಟಿಗೆಯ ವಿಳಾಸವೇ ಬರೆದಿರುತ್ತದೆ.
ಆದರೆ ಪ್ರತಿ ಪೆಟ್ಟಿಗೆಯೂ
ನಾನು ಇಲ್ಲಿದ್ದೇನೆ ಅನ್ನುತ್ತದೆ,
ತಪ್ಪು ಪೆಟ್ಟಿಗೆ ಕೂಡ, ಅದೇ ದನಿಯಲ್ಲಿ.

ಶುಕ್ರವಾರ ಸಿಕ್ಕಿತು.
ಯಾರೋ ಒಂದು ಚೂರು ಹೊತ್ತು ಉಳಿಸಲು
"ಬದಲಾಗಿರಲಿಕ್ಕಿಲ್ಲ, ಬಿಡು" ಎಂದು ಬರೆದ ಒಂದು ಸಾಲು.
ಯಾವ ಪೆದ್ದನೋ, ಎಂದಳು.
ನಾನು ಬ್ರೆಡ್ಡಿನ ಚೂರು ಒಟ್ಟುಗೂಡಿಸುತ್ತಿದ್ದೆ.

ಹೋದ ನವೆಂಬರ್. ಮೂರು ನಿಮಿಷ ತಡ.
ಬದಲಾಗಿರಲಿಕ್ಕಿಲ್ಲ, ಬಿಡು, ಎಂದೇ ಹತ್ತಿದೆ.
ಚೆಸ್ಕಾ ಸ್ಟಾಪಿನಲ್ಲಿ ಕನ್ನಡಿ ನೋಡಿದರೆ
ಮೇಲಂತಸ್ತಿನ ಕಿಟಕಿ, ಕುಂಡ, ಒಂದು ಬೂದು ಬೆಕ್ಕು.
ಕನ್ನಡಿ ಸುಳ್ಳು ಹೇಳಿರಲಿಲ್ಲ.
ಬೀದಿಯನ್ನು ನಿಜವಾಗಿಯೇ ತೋರಿಸುತ್ತಿತ್ತು,
ಹ್ರುಬೇಶನ ಕಣ್ಣಿಗೆ.
ಬಾಗಿಲು ಮುಚ್ಚಿದೆ.
ಹುಡುಗಿಯೊಬ್ಬಳ ಚೀಲದ ಪಟ್ಟಿ, ನಾಲ್ಕು ಬೆರಳಷ್ಟು, ಒಳಗೆ,
ಹುಡುಗಿ ಹೊರಗೆ.
ಯಾರೋ ಕಿರುಚಿದರು, ನಿಲ್ಲಿಸಿದೆ.
ಏನೂ ಆಗಲಿಲ್ಲ.
ಏನೂ ಆಗಲಿಲ್ಲವಲ್ಲ ಎಂದು ಪುಸ್ತಕದಲ್ಲಿ ಬರೆಯಲೂ ಇಲ್ಲ.
ಬ್ಲಾಝೆನಾ, ಆ ಪೆದ್ದನ ಜೊತೆ
ನೀನು ಹನ್ನೊಂದು ವರ್ಷದಿಂದ ಸೂಪು ಕುಡಿಯುತ್ತಿದ್ದೀಯ.

ಅವಳು ಏನೂ ಅನ್ನಲಿಲ್ಲ.
ಚಮಚಗಳನ್ನು ಒಂದೊಂದಾಗಿ ತೊಳೆದಳು,
ಸಾಸಿವೆ ಡಬ್ಬಿ ಮರೆತಳು.

ಬೆಳಿಗ್ಗೆ ಆರೂ ನಲವತ್ತು, ಮಂಜು,
ಚೆಸ್ಕಾದಲ್ಲಿ ಹಿಂದಿನ ಬಾಗಿಲ ಬಳಿ ಒಂದು ಕೆಂಪು ಟೋಪಿ.
ಅವಳ ಆಫೀಸು ಆ ದಿಕ್ಕಿಗಲ್ಲ.
ಹತ್ತಲಿಲ್ಲ, ಕೈಗವಸು ತೆಗೆದು ಕೈಯೆತ್ತಿದಳು.
ಕನ್ನಡಿಯಲ್ಲಿ ಪೂರ್ತಿ ಕಂಡಳು, ಬೂಟಿನ ತನಕ.
ಗಂಟೆ ಒಮ್ಮೆ ಬಾರಿಸಿದೆ.
ಹೆಬ್ಬೆರಳು ತೋರುಬೆರಳು ಕೂಡಿಸಿ
ಅವಳು ಒಂದು ಸೊನ್ನೆ ಮಾಡಿ ತೋರಿಸಿದಳು.